ಶುಕ್ರವಾರದವರೆಗಿನ ಕ್ರಿಯಾಪದ

ಕೋದ್ರಿ ಊರಿನ ನಗರಸಭೆಯ ಮೇಲ್ಮಹಡಿ, ಮಂಗಳವಾರ, ಸಂಜೆ ಆರೂವರೆ.
ಎಂಟು ಕುರ್ಚಿ, ಐದು ಮಂದಿ, ಮುನಿಸಿಕೊಂಡ ಹೀಟರು.
ಕರಿಹಲಗೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆದೆ,
ಗೆರೆಯ ನಡುವೆ ಒಂದು ಮೊಳೆ: ‘ಈಗ’.
ಎಡಕ್ಕಿರುವುದೆಲ್ಲ ಆದದ್ದು, ಎಂದೆ,
ಆದದ್ದರಲ್ಲೂ ಇಂಗ್ಲಿಷಿಗೆ ಎರಡು ಬಗೆ,
ಬಾಗಿಲು ಹಾಕಿದ್ದು,
ಓರೆ ಮಾಡಿ ಬಿಟ್ಟದ್ದು.

ಫ್ರೆಂಚಿಗೆ ಈ ತಂಟೆಯಿಲ್ಲ.
ಅಲ್ಲಿ ಒಂದೇ ಪುಟ್ಟ ‘ಇದ್ದೇನೆ’
ಎಂದೋ ಮುಗಿದ ಮಧ್ಯಾಹ್ನಗಳನ್ನೂ
ಹೆಗಲ ಮೇಲೆ ಕೂರಿಸಿಕೊಂಡು ಬರುತ್ತದೆ.
ಅದಕ್ಕೇ ಲಾರಿ ಓಡಿಸುವ ಸೂಫಿಯಾನ್
ಪ್ರತಿ ವಾರ ‘ನಿನ್ನೆ ಮ್ಯಾಚ್ ನೋಡಿದ್ದೇನೆ’ ಅನ್ನುತ್ತಾನೆ.
ನಿನ್ನೆ ಅಂದಮೇಲೆ ‘ನೋಡಿದೆ’, ಅಷ್ಟೆ.
‘ನಿನ್ನೆ’ ಬಂತೆಂದರೆ ಅಗುಳಿ ಬಿತ್ತು.
‘ಸೋತದ್ದು ಇನ್ನೂ ಉರಿಯುತ್ತಿದೆಯಲ್ಲ, ಮೇಡಂ?’
ಉರಿಯಲಿ. ಅಗುಳಿ ಅಗುಳಿಯೇ.

ಕೊನೆಯಲ್ಲಿ ಕೂರುವವನು ಗಿಸ್ಲೆನ್ ಬ್ರಾಕ್.
ಲೇಸು ನೇಯುವವನು, ಎಂದರೆ
ತೂತುಗಳನ್ನು ನೂಲಿನಲ್ಲಿ ಲೇಸಾಗಿ ಕಟ್ಟಿಡುವವನು.
ಅವನ ಯಂತ್ರಕ್ಕೆ ಎರಕ ಹೊಯ್ದದ್ದು ನನ್ನೂರಿನಲ್ಲಿ;
ಕಬ್ಬಿಣದ ಎದೆಯ ಮೇಲೆ ಉಬ್ಬಿ ನಿಂತ ಅಕ್ಷರ: ನಾಟಿಂಗ್‌ಹ್ಯಾಮ್.
ಇಬ್ಬರೂ ಕಡಲು ದಾಟಿ ಬಂದವರು, ಅದೂ ನಾನೂ.
ಬರುವ ತಿಂಗಳು ಅದು ಮ್ಯೂಸಿಯಮ್ಮಿಗೆ.
ಪಕ್ಕದಲ್ಲಿ ಗಿಸ್ಲೆನ್ ನಿಂತು
ಬಸ್ಸಿಳಿದ ಇಂಗ್ಲಿಷರಿಗೆ ನಾಲ್ಕು ಮಾತು ಹೇಳಬೇಕಂತೆ.

ಅವನ ಮೊದಲ ವಾಕ್ಯ:
‘ಮೂವತ್ತನಾಲ್ಕು ವರ್ಷದಿಂದ ಇದರಲ್ಲಿ ಕೆಲಸ ಮಾಡುತ್ತೇನೆ.’
ಫ್ರೆಂಚಿನಲ್ಲಿ ಅಪ್ಪಟ ಚಿನ್ನ. ಇಂಗ್ಲಿಷಿನಲ್ಲಿ ತಪ್ಪು.
ವರ್ಷ ಎಣಿಸಿದಮೇಲೆ ಬರೀ ವರ್ತಮಾನ ಸಾಲದು,
ಅಷ್ಟು ಭಾರಕ್ಕೆ ಅದರ ತೊಲೆ ಬಾಗುತ್ತದೆ.
‘ಮಾಡುತ್ತಾ ಬಂದಿದ್ದೇನೆ’ ಎಂದು ತಿದ್ದಿದೆ.
ಪೆನ್ಸಿಲ್ ನಾಲಿಗೆಗೆ ತಾಗಿಸಿ ಬರೆದುಕೊಂಡ.
ಆಮೇಲೆ ಕೇಳಿದ,
‘ಶುಕ್ರವಾರ ನಾಲ್ಕಕ್ಕೆ ನಿಲ್ಲಿಸುತ್ತಾರೆ.
ಸೋಮವಾರ ಈ ವಾಕ್ಯಕ್ಕೆ ಏನಾಗುತ್ತದೆ?’

ಸೋಮವಾರ ‘ಮಾಡಿದೆ’.
‘ಆ ಇದ್ದೇನೆ?’
ಅದು ಬಿದ್ದುಹೋಗುತ್ತದೆ.
‘ನಾನು ಇದ್ದೇನಲ್ಲ!’

ಒಂದು ಶನಿವಾರ, ಒಂದು ಭಾನುವಾರದಲ್ಲಿ
ಮನುಷ್ಯನ ಕ್ರಿಯಾಪದ ಇಷ್ಟು ಕುಗ್ಗಬಹುದೆಂದು
ನನ್ನ ಪಠ್ಯಪುಸ್ತಕ ಎಲ್ಲೂ ಎಚ್ಚರಿಸಿರಲಿಲ್ಲ.
ಅದರಲ್ಲಿ ಮಿಸ್ಟರ್ ಬ್ರೌನ್ ಹತ್ತು ವರ್ಷದಿಂದ
ಅದೇ ಬ್ಯಾಂಕಿನಲ್ಲಿ ದುಡಿಯುತ್ತಾ ಬಂದಿದ್ದಾನೆ,
ಪ್ರತಿ ಮುದ್ರಣದಲ್ಲೂ ಹತ್ತೇ ವರ್ಷ;
ಅವನ ಬ್ಯಾಂಕು ಮುಚ್ಚುವುದಿಲ್ಲ, ಕೂದಲು ನರೆಯುವುದಿಲ್ಲ.

ಶುಕ್ರವಾರ ನಾನು ಹೋಗಲಿಲ್ಲ. ಹೋಗಬಹುದಿತ್ತು.
ನಾಲ್ಕಕ್ಕೆ ಬೇಕರಿಯ ಸಾಲಿನಲ್ಲಿದ್ದೆ.
ಕಪಾಟಿನ ಗಾಜು ಸಣ್ಣಗೆ ನಡುಗುತ್ತಿತ್ತೆಂದು ತಿಳಿದದ್ದೇ
ಅದು ನಡುಗುವುದು ನಿಂತಾಗ.
ಚಿಲ್ಲರೆ ಎಣಿಸುತ್ತಿದ್ದ ಹುಡುಗಿ ತಲೆಯೆತ್ತಿದಳು,
ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿದಳು.

ಮುಂದಿನ ಮಂಗಳವಾರ ಎಲ್ಲರಿಗಿಂತ ಮೊದಲೇ ಬಂದಿದ್ದ.
ಎಣ್ಣೆಯ ಕಲೆಯಿಲ್ಲದ ಕೈ, ಎಣ್ಣೆಯ ಕಲೆಯಿದ್ದ ಹಾಳೆ.
‘ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ.’
ತಪ್ಪಿಲ್ಲ. ಅದರ ಕೆಳಗೆ,
ನಾನು ಹೇಳಿಕೊಡದ ಸಾಲು:
‘ನನ್ನ ಎಡಗಿವಿಯನ್ನು ಕಳೆದುಕೊಂಡಿದ್ದೇನೆ.’

ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಕಳೆದದ್ದು ಎಂದೋ, ಯಾವ ಪಾಳಿಯಲ್ಲೋ;
ಇಲ್ಲದಿರುವುದು ಈಗ, ಈ ಕೋಣೆಯಲ್ಲಿ.
ಬಾಗಿಲು ಓರೆ. ‘ಇದ್ದೇನೆ’ ತನ್ನ ಜಾಗದಲ್ಲೇ ಇದೆ.
ಇದು ಹೇಗೆ ಹೊಳೆಯಿತು ಎಂದೆ.
‘ಹೊಳೆಯಲಿಲ್ಲ. ಫ್ರೆಂಚಿನಿಂದ ಹಾಗೇ ಎತ್ತಿಟ್ಟೆ.
ತಪ್ಪೇ?’

‘ಸರಿ ಇದೆ,’ ಅಂದೆ.
ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ.
ಮೇಜು ಸುತ್ತಿಕೊಂಡು ಬಲಗಡೆಗೆ ಹೋಗಿ
ಇನ್ನೊಮ್ಮೆ ಹೇಳಿದೆ.