ಎರಡು ಕ್ರೆಡಿಟ್ಟಿನ ಆಕಾಶ

ಶನಿವಾರ ಬೆಳಗ್ಗೆ ಏಳಕ್ಕೆ, ಭಾಂಡುಪಿನಲ್ಲಿ,
ಮೂರನೆಯ ಮಹಡಿಯ ಮುನ್ನೂರ ಎಂಟರಲ್ಲಿ
ಬಿ.ಕಾಂ. ಮಕ್ಕಳಿಗೆ ಆಕಾಶ ಕಲಿಸಲು ನನ್ನನ್ನು ಹಾಕಿದ್ದಾರೆ.
ಹದಿನೈದು ವಾರ. ಗಣಿತ ಬೇಡ ಎಂದು ಮೊದಲೇ ತಾಕೀತು.
ಭೌತಶಾಸ್ತ್ರಕ್ಕೆಂದೇ ಸೇರಿದವರು ಈ ವರ್ಷ ಒಂಬತ್ತು ಮಂದಿ;
ಇಲ್ಲಿ ತೊಂಬತ್ತಾರು.
ಕಡ್ಡಾಯ ಎಂದರೆ ಎಲೆಯ ತುದಿಯ ಉಪ್ಪಿನ ಹಾಗೆ,
ಬೇಡದವರೂ ಹಾಕಿಸಿಕೊಳ್ಳಬೇಕು.

ಯಾಕೆ ತೆಗೆದುಕೊಂಡಿರಿ ಈ ಪಾಠ, ಕೇಳಿದೆ.
ಹಿಂದಿನ ಬೆಂಚು ಸುಳ್ಳು ಹೇಳಲಿಲ್ಲ:
"ಸರ್, ಸಸ್ಯಶಾಸ್ತ್ರ ತುಂಬಿಹೋಗಿತ್ತು."

ಜನವರಿಯಲ್ಲಿ ಒಂದು ಮನೆಗೆಲಸ ಕೊಟ್ಟೆ.
ರಾತ್ರಿ ಒಂಬತ್ತಕ್ಕೆ ಕತ್ತೆತ್ತಿ ನೋಡಿ,
ವ್ಯಾಧನ ನಾಲ್ಕು ಮೂಲೆಯ ಒಳಗೆ ಎಷ್ಟು ಚುಕ್ಕಿ, ಬರೆಯಿರಿ.
ಕಂಡಷ್ಟೇ. ಪುಸ್ತಕದಲ್ಲಿರುವಷ್ಟಲ್ಲ.

ಸಾಗರಿಕಾ ತಾಂಡೇಲ್, ಚೆಂದಣಿ ಕೋಳಿವಾಡಾ: ಹನ್ನೊಂದು,
ಖಾಡಿಯಲ್ಲಿ ಅಪ್ಪನ ದೋಣಿಯಿಂದ; ದೋಣಿ ಹೊಯ್ದಾಡಿದಾಗ ಒಂಬತ್ತು.
ನಡುವಿನ ಮೂರಕ್ಕೆ ಅಜ್ಜಿಯ ಬಾಯಲ್ಲಿ ಬೇರೆ ಹೆಸರಿದೆ,
ಬರೆದರೆ ಅಂಕ ಹೋಗುತ್ತದೆಯೇ ಎಂದು ಅಂಚಿನಲ್ಲಿ ಪೆನ್ಸಿಲ್ಲಿನ ಪ್ರಶ್ನೆ.
ಓಂಕಾರ ದಳವಿ: ಐದು. ಅದರಲ್ಲೊಂದು ಜರುಗಿತು,
ಕಣ್ಣು ಮಿಟುಕಿಸಿ ಸಾಂತಾಕ್ರೂಜಿಗೆ ಇಳಿಯಿತು. ಆದ್ದರಿಂದ ನಾಲ್ಕು.
ಬೇರೆ ನಾಲ್ವರದು ಒಂದೇ ಸಂಖ್ಯೆ, ಮೂವತ್ತೆರಡು,
ಒಂದೇ ಕಾಗುಣಿತದ ತಪ್ಪು.

ಶಗುಫ್ತಾ, ಗೋವಂಡಿ: ಸೊನ್ನೆ.
ಕೆಳಗೆ ಪೂರಾ ಒಂದು ಪುಟ.
ಕಿಟಕಿಗೂ ಎದುರು ಗೋಡೆಗೂ ನಡುವೆ ಎರಡೂವರೆ ಗೇಣು.
ಗಚ್ಚಿಗೆ ಬೀಗ, ಚಾವಿ ಸೆಕ್ರೆಟರಿಯ ಹತ್ತಿರ.
ಬೀದಿಗಿಳಿದೆ, ಒಂಬತ್ತು ಹತ್ತು. ಹ್ಯಾಲೊಜನ್ ದೀಪ.
ಕಸದ ಗುಡ್ಡದ ಕಡೆಯಿಂದ ಹೊಗೆ.
ನೋಡಿದ ಹೊತ್ತು ನಲವತ್ತು ನಿಮಿಷ. ಅಣ್ಣ ಕರೆದ.
ಸೊನ್ನೆ.

ಇಂಥ ವೀಕ್ಷಣೆ ನನ್ನ ಎಂ.ಎಸ್ಸಿ.ಯಲ್ಲೂ ನಾನು ಬರೆದವನಲ್ಲ.
ಲೋಲಕದ ಅಂಕಿಗಳನ್ನು ಉತ್ತರದಿಂದ ಹಿಂದಕ್ಕೆ ನೇಯ್ದವನು.
ಹತ್ತಕ್ಕೆ ಹತ್ತು ಕೊಟ್ಟೆ.
ಮೂವತ್ತೆರಡರವರು ಜಗಳಕ್ಕೆ ಬಂದರು.

ಬೆಳಕಿಗೂ ದಾರಿ ಸವೆಸಲು ಕಾಲ ಬೇಕು ಎಂದೆ, ಮುಂದಿನ ವಾರ.
ಈ ಕೆಂಪು ಚುಕ್ಕಿಯದು ಹೊರಟು ಐನೂರೋ ಆರುನೂರೋ ವರ್ಷ,
ಸರಿಯಾಗಿ ನಮಗೂ ಗೊತ್ತಿಲ್ಲ.
ಮುಲುಂಡಿನ ಕಿರಾಣಿ ಅಂಗಡಿಯ ಹೇತಲ್ ಗಡಾ ಕೈಯೆತ್ತಿದಳು:
"ಹಾಗಾದರೆ ಯಾವ ವರ್ಷದ ಲೆಕ್ಕಕ್ಕೆ ಬರೆಯೋದು ಸರ್?
ಹೊರಟ ದಿನಕ್ಕೋ, ಕೈಸೇರಿದ ದಿನಕ್ಕೋ?
ಕಳಿಸಿದ ಅಂಗಡಿಯೇ ಈಗ ಮುಚ್ಚಿದ್ದರೆ?"

ಕೋಣೆಯ ತುಂಬ ಗದ್ದಲ. ಬರಬೇಕಾದ್ದು, ಬಂದದ್ದು,
ಮುಳುಗಿದ ಬಾಕಿಯನ್ನು ಯಾರ ತಲೆಗೆ ಕಟ್ಟುವುದು...
ನಾನು ಚಾಕು ಕಡ್ಡಿ ಹಿಡಿದು ನಿಂತೆ,
ನನ್ನ ವಿಷಯಕ್ಕೇ ಹೊರಗಿನವನಾಗಿ.

ಆ ಚುಕ್ಕಿ ಆರ್ದ್ರಾ. ನನಗದು ಮೊದಲು ಗೊತ್ತಿದ್ದದ್ದು ಮಳೆಯಾಗಿ.
ಆರಿದ್ರೆ ಹಿಡಿದರೆ ಆರದು, ಎನ್ನುತ್ತಿದ್ದಳು ಅಮ್ಮ
ವಡಾಲೆಯ ಚಾಳಿನಲ್ಲಿ, ಒಣಗದ ಬಟ್ಟೆಗಳ ನಡುವೆ.
ಮೇಲೆ ನೋಡಿ ಹೇಳಿದ್ದಲ್ಲ, ಪಂಚಾಂಗ ನೋಡಿ.
ಆ ಮಳೆಯಲ್ಲಿ ಆ ಚುಕ್ಕಿ ಸೂರ್ಯನ ಮಗ್ಗುಲಲ್ಲಿ ಅಡಗಿರುತ್ತದೆ;
ಚುಕ್ಕಿ ಕಾಣುವ ರಾತ್ರಿಗಳಲ್ಲಿ ಆ ಮಳೆ ಇಲ್ಲ.
ಎರಡನ್ನೂ ಒಟ್ಟಿಗೆ ಯಾರೂ ಕಂಡಿಲ್ಲ ಅಮ್ಮ,
ಎಂದು ಹೇಳಬೇಕೆನಿಸಿದ್ದು ಈಗ. ಬಾಕಿ ನನ್ನದು.

ಜೂನ್ ಕೊನೆ. ಪಾಠ ಮುಗಿದು ಎರಡು ತಿಂಗಳು.
ಹಳಿ ಮುಳುಗಿ ಕಲ್ಯಾಣ್ ಸ್ಲೋ ಕಾಂಜೂರಿನಲ್ಲಿ ನಿಂತಿದೆ,
ಯಾರದೋ ಕೊಡೆಯ ನೀರು ನನ್ನ ಬೂಟಿನೊಳಗೆ.
ಫೋನಿನಲ್ಲಿ ಶಗುಫ್ತಾ:
"ಸರ್, ಗಚ್ಚಿಯ ಚಾವಿ ಸಿಕ್ಕಿತು."
ಎಷ್ಟು, ಎಂದು ಕೇಳಿದೆ.
"ಸೊನ್ನೆ. ಮೋಡ.
ಚಾವಿ ವಾಪಸ್ ಕೊಟ್ಟಿಲ್ಲ."