ಸಾಕು ಅನ್ನೂ ಅಂಕಿ

ಸಂಜೀ ಆರರ ಕ್ಲಾಸು, ವಿದ್ಯಾನಗರ.
ತಾರಿಹಾಳದ ಸಬ್‌ಸ್ಟೇಷನ್ನಿನಾಗ ಡ್ಯೂಟಿ ಮುಗಿಸಿ
ನಾನೂ ನದಾಫನೂ ಒಂದ ಗಾಡಿ ಮ್ಯಾಲ.
ವಯಸ್ಸು ನಲವತ್ತೊಂದು. ಹಿಂದಿನ ಬೆಂಚು.

ಮುಳಗುಂದ ಮೇಡಂ ಬೋರ್ಡಿನ ಮ್ಯಾಲ ಎರಡು ಅಂತ ಬರೆದು
ಇದರ ವರ್ಗಮೂಲ ಹೇಳ್ರಿ, ಅಂದ್ರು. ಯಾರೂ ಮಾತಾಡಲಿಲ್ಲ.
ಏನರ ಒಂದು ಹೇಳ್ರೀ, ತಪ್ಪಿದ್ರೂ ನಡೀತದ.
ನದಾಫ ಅಂದ: ಒಂದು.
ಅವರು ನಗಲಿಲ್ಲ. ಎರಡನ್ನ ಒಂದರಿಂದ ಭಾಗಿಸಿ
ಬಂದದ್ದಕ್ಕ ಆ ಒಂದನ್ನೂ ಕೂಡಿಸಿ ಅರ್ಧಾ ಮಾಡಿದ್ರು: ಒಂದೂವರಿ.
ಮತ್ತ ಅದನ್ನ ಹಂಗ. ಮತ್ತ ಹಂಗ.
ನಾಕನೇ ಸಲಕ್ಕ ಕ್ಯಾಲ್ಕುಲೇಟರಿಗೂ ಬೋರ್ಡಿಗೂ
ಜಗಳ ಇರಲಿಲ್ಲ.

ತಪ್ಪಿನಿಂದ ಶುರು ಮಾಡಿದ್ರೂ ಮಾರ್ಕ್ಸ್ ಕೊಡೂ ಸಬ್ಜೆಕ್ಟು
ಇಷ್ಟು ವರ್ಷ ಎಲ್ಲಿತ್ತೋ.
ನಮ್ಮ ಕೆಲಸದಾಗ ತಪ್ಪಿಗೆ ಒಂದ ಹೆಸರು: ಸುಟ್ಟ ವಾಸನಿ.

ಆಮ್ಯಾಲ ಜಾಕೋಬಿ, ಗಾಸ್-ಸೈಡೆಲ್.
ಒಬ್ಬಾಂವ ಪಂಕ್ತಿಗೆಲ್ಲಾ ಬಡಿಸೂ ತನಕಾ ತುತ್ತು ಎತ್ತಾಂವಲ್ಲ,
ಇನ್ನೊಬ್ಬಾಂವ ಎಲಿಗೆ ಬಿದ್ದದ್ದು ಬಿದ್ದಂಗ ಬಾಯಿಗೆ.
ಮೇಡಂ ಹಿಂಗ ಹೇಳಲಿಲ್ಲ. ನಾ ನೋಟ್‌ಬುಕ್ಕಿನ ಅಂಚಿಗೆ ಬರಕೊಂಡದ್ದು.

ಲ್ಯಾಬಿನಾಗ ಐದು ಬಸ್ಸಿನ ಲೋಡ್ ಫ್ಲೋ.
ಎಲ್ಲಾ ವೋಲ್ಟೇಜೂ ಒಂದು, ಎಲ್ಲಾ ಕೋನಾನೂ ಸೊನ್ನಿ,
ಊರಾಗ ಇನ್ನೂ ಯಾರ ಗಿರಣೀನೂ ಚಾಲೂ ಆಗಿಲ್ಲ ಅನ್ನೂಹಂಗ.
ಗುಂಡಿ ಒತ್ತಿದೆ.
ಮೂರು, ನಲವತ್ತು, ಒಂಬತ್ತು ಸಾವಿರ,
ಆಮ್ಯಾಲ ‘ಇದು ಅಂಕೀನ ಅಲ್ಲ’ ಅಂತು ಮಷೀನು.
ಸ್ಕ್ರೀನಿನ ಮ್ಯಾಲ ಇಡೀ ತಾರಿಹಾಳ ಸುಟ್ಟಿತ್ತು, ಹೊಗಿ ಇಲ್ಲದ.
ನದಾಫ ಬಟ್ಟಿಟ್ಟ: ಮೂರನೇ ಸಾಲಿನಾಗ ಮೈನಸ್ ಬಿಟ್ಟೀದಿ ನೋಡು.
ಅವರಪ್ಪ ಗಾದಿಗೆ ಹತ್ತಿ ಹಿಂಜತಿದ್ದ,
ಗಂಟು ಕಣ್ಣಿಗಿಂತ ಮೊದಲ ಕೈಗೆ ಗೊತ್ತಾಗತಿತ್ತಂತ.

ಹದಿನೇಳನೇ ಸುತ್ತಿಗೆ ನಿಂತಿತು.
ನಿಂತಿತು ಅಂದ್ರ ಉತ್ತರ ಬಂತು ಅಂತಲ್ಲ, ಅಂದ್ರು ಮೇಡಂ,
ಹಿಂದಿನ ಅಂಕಿಗೂ ಈಗಿಂದಕ್ಕೂ ಇರೂ ಅಂತರ
ನೀವು ಬರೆದುಕೊಟ್ಟ ‘ಸಾಕು’ಗಿಂತ ಸಣ್ಣದಾತು, ಅಷ್ಟ.
ಆ ಸಾಕು ಎಷ್ಟಿರಬೇಕ್ರಿ ಮೇಡಂ?
ಅವರು ಕೈಯಾಗಿನ ಸುಣ್ಣದ ಪುಡಿ ಸೀರಿಗೆ ಒರಸಿಕೊಂಡು
ಗಡಿಯಾರ ನೋಡಿದ್ರು. ಎಂಟೂ ಹತ್ತು.

ಉಣಕಲ್ ಕ್ರಾಸಿನಾಗ ಗಿರಮಿಟ್ ಗಾಡಿ.
ಬಲ್ಬು ಒಮ್ಮೆ ಕೆಂಪಗಾಗಿ ಮತ್ತ ಎದ್ದಿತು,
ನಾವಿಬ್ಬರೂ ಒಮ್ಮೆಲೇ ತಲಿ ಎತ್ತಿದಿವಿ.
ಎಲ್ಲೋ ದೊಡ್ಡ ಮೋಟರು ಚಾಲೂ ಆಗಿರಬೇಕು.
ಸುತ್ತಿಲ್ಲ, ಊಹೆ ಇಲ್ಲ, ತಂತಿಗಳು
ತಮ್ಮತಮ್ಮೊಳಗ ಲೆಕ್ಕಾ ಮುಗಿಸಿಕೊಂಡಿದ್ದವು.
ಗಾಡಿಯಾಂವ ಖಾರಾ ಉದುರಿಸಿ, ಸಾಕೇನ್ರಿ, ಅಂದ.
ನದಾಫ ಒಂದು ತುತ್ತು ಬಾಯಿಗಿಟ್ಟು ನೋಡಿ
ಮತ್ತ ಕಾಗದಾ ಮುಂದ ಹಿಡಿದ.