ನಾಲ್ಕು ಜನರ ಟೆಂಟು

ಹಳೆಯದು ಹೋದದ್ದು ತಿಳಮಾತಿಯಲ್ಲಿ, ಮೇ ತಿಂಗಳ ಕೊನೆಗೆ.
ಕರಿಮರಳ ಮೇಲೆ ಬಂಗಡೆ ಸುಡುತ್ತಿದ್ದೆವು.
ಗಾಳಿ ಬಂತು, ಹೇಳದೆ ಕೇಳದೆ,
ಗೂಟ ಕಿತ್ತು, ಬಟ್ಟೆ ಸೀಳಿ
ಒಂದು ಕೋಲನ್ನು ಗೋವೆಯ ಕಡೆಗೆ ಒಯ್ದೇಬಿಟ್ಟಿತು.
ಕೊಡೆಯ ಕಡ್ಡಿ ಬಿಗಿದು, ಹಳೆ ಅಂಗಿಯ ತೇಪೆ ಹಚ್ಚಿ
ಆರು ವರ್ಷ ಎಳೆದಿದ್ದೆವು. ಅದಕ್ಕೂ ಸಾಕಾಗಿತ್ತು.
ಈಗ ಅಂಗಳದಲ್ಲಿ ಸ್ಕೂಟರನ್ನು ತಬ್ಬಿ ಮಲಗಿದೆ.

ದೀಪಾವಳಿ ಕಳೆದ ಭಾನುವಾರ
ಕಾರವಾರದ ಸಂತೆಯ ನೂಕಿನಲ್ಲಿ
ಗೆಣಸು ದಾಟಿ, ಬದನೆ ದಾಟಿ, ಒಣಮೀನ ಸಾಲು ದಾಟಿ
ಇಮ್ತಿಯಾಜನ ಅಂಗಡಿಗೆ ಹೋದೆವು, ಐದೂ ಮಂದಿ.
ಬಲೆ, ಬೆಂಡು, ನೈಲಾನ್ ಹಗ್ಗ, ತಾಡಪತ್ರಿ, ಗಮ್‌ಬೂಟು;
ಟೆಂಟು ಇತ್ತೀಚೆಗೆ ಇಟ್ಟದ್ದು.
"ಬನ್ನಿ ಅಕ್ಕೋರೇ" ಎಂದ. ಏಳನೇ ಇಯತ್ತೆಯಲ್ಲಿ
ಭಾಗಾಕಾರ ಬಾರದೆ ಬೆಂಚಿನ ಮೇಲೆ ನಿಂತವನು.

ಚೀಲದ ಮೇಲೆ ಬರೆದಿತ್ತು, ನಾಲ್ಕು ಜನರಿಗೆ.
ಯಾವ ನಾಲ್ಕು ಜನ ಅಂತ ಬರೆದಿರಲಿಲ್ಲ.
ಟೇಪು ಹಿಡಿದೆ. ಏಳಡಿ ಅಗಲ.
"ಭಾಗಿಸು" ಎಂದೆ. ತಲೆ ತುರಿಸಿಕೊಂಡ.
ಆಳಿಗೆ ಒಂದೂಮುಕ್ಕಾಲು ಅಡಿ, ಅಷ್ಟೇ ಮಾರಾಯಾ,
ಅಷ್ಟನ್ನು ಇವರ ಭುಜವೇ ನುಂಗುತ್ತದೆ.
ಮಧುರಾ ನಿದ್ದೆಯಲ್ಲಿ ಗಡಿಯಾರದ ಮುಳ್ಳು,
ಹನ್ನೆರಡರಲ್ಲಿ ತಲೆಯಿಟ್ಟರೆ ಏಳುವುದು ಆರರಲ್ಲಿ.
ತೇಜು ಒದೆಯುತ್ತಾನೆ.
ಮೇಲಾಗಿ ಈ ಸಲ ಇವರ ಸೋದರತ್ತೆ, ಯಮುನತ್ತೆ,
ನಾನೂ ಬರಲೇನೇ ಎಂದು
ಮಾತಿನ ನಡುವೆ ಎಲ್ಲೋ ಅಂದುಬಿಟ್ಟಿದ್ದಾಳೆ.

"ಮಲಗಿಯೇ ನೋಡಿ" ಎಂದವನು
ರಸ್ತೆಗೇ ತಂದು ಬಿಡಿಸಿದ, ಎರಡು ಬೈಕಿನ ಮಧ್ಯೆ.
ಚಪ್ಪಲಿ ಕಳಚಿ ಒಳಹೊಕ್ಕೆವು ನಾಲ್ವರು,
ಬುಟ್ಟಿಯಲ್ಲಿ ಜೋಡಿಸಿದ ತಾರ್ಲೆಯಂತೆ, ತಲೆ ಅತ್ತ, ಕಾಲು ಇತ್ತ.
ಆಟೋ ಹಾರ್ನು ಹೊಡೆಯಿತು.
ಬುಟ್ಟಿ ಹೊತ್ತವಳೊಬ್ಬಳು ಬಗ್ಗಿ ಇಣುಕಿ
"ಕಿತೆಂ ಜಾಲೆಂ ಗೊ?" ಎಂದು ಕೇಳಿ, ನಕ್ಕು, ಹೋದಳು.

"ನಾಲ್ಕು ಜನ ನೋಡಿದರೆ ಏನಂದಾರು?"
ಹೊರಗಿನಿಂದ ಅತ್ತೆಯ ದನಿ.
ಅಂಕೋಲೆಯ ಗಂಡನ ಮನೆಯಿಂದ
ಒಂದು ಟ್ರಂಕು ಹಿಡಿದು ಬಂದ ದಿನದಿಂದ
ಮೂವತ್ತೊಂದು ವರ್ಷ ಇದೇ ಮಾತು:
ಕೆಂಪು ಸೀರೆಗೆ, ಸಿನೆಮಾಕ್ಕೆ, ಗಟ್ಟಿ ನಗೆಗೆ,
ಸಮುದ್ರಕ್ಕೆ ಕೂಡ, ಮನೆಯಿಂದ ಅರ್ಧ ಮೈಲಿ.
ಅವಳು ಮಲಗುವುದು ಒಳದಾರಿಯಲ್ಲಿ, ಫ್ರಿಜ್ಜಿನ ಪಕ್ಕ;
ರಾತ್ರಿ ನೀರಿಗೆ ಎದ್ದವರೆಲ್ಲ ಅವಳನ್ನು ದಾಟಿಯೇ.
ನಾನೂ ದಾಟಿದ್ದೇನೆ.
ಆ ನಾಲ್ಕು ಜನ ಯಾರೆಂದು ಈವರೆಗೆ ಗೊತ್ತಾಗಿಲ್ಲ.
ಕೊನೆಗೆ ಹೊರಲು ಬರುತ್ತಾರಲ್ಲ, ಅವರೇ ಇರಬೇಕು.

ಎದ್ದು ಬಂದು ಬಣ್ಣಕ್ಕೆ ಜಗಳವಾಡಿದೆವು.
ನೀಲಿ ಎಂದಳು ಮಧುರಾ, ತೇಜುಗೆ ಕೇಸರಿ.
ಮಳೆ ತಡೆಯುತ್ತದಾ ಎಂದು ಇವರು
ಚೊಂಬು ನೀರು ತರಿಸಿ ಮೇಲಿಂದ ಸುರಿದರು.
ಹನಿ ಉರುಳಿ ಕೆಳಗಿಳಿದವು, ಒಳಗಿಂದ ಒಂದು ನಗು.
ಗಟ್ಟಿ ನಗು.

ಆಮೇಲೆ ಸರ್‍ರ್ ಅಂತ ಜಿಪ್ಪು.
ಒಳಗಿನಿಂದ ಎಳೆದದ್ದು.
"ಅತ್ತೇ" ಎಂದೆ. ಉತ್ತರವಿಲ್ಲ.
ಮತ್ತೆ ಸರ್‍ರ್, ತೆರೆಯಿತು ಒಂದು ಗೇಣು.
ಮತ್ತೆ ಸರ್‍ರ್, ಮುಚ್ಚಿತು.
ಹೊರಗೆ ಅವಳ ಹವಾಯಿ ಚಪ್ಪಲಿ,
ಒಂದರ ಉಂಗುಷ್ಠಕ್ಕೆ ಪಿನ್ನು.

ಇಮ್ತಿಯಾಜ್ ಹತ್ತಿರ ಬಂದು ಮೆಲ್ಲಗೆ ಅಂದ:
"ಐದನ್ನು ನಾಲ್ಕರಿಂದ ಭಾಗಿಸಿದರೆ
ಶೇಷ ಒಂದಲ್ವಾ ಅಕ್ಕೋರೇ?
ಒಬ್ಬರದ್ದೂ ಒಂದಿದೆ. ಸಣ್ಣದು. ಅಟ್ಟದ ಮೇಲೆ."

ಎರಡನ್ನೂ ಕಟ್ಟು ಎಂದೆ.
ಇವರು ಜೇಬು ಮುಟ್ಟಿ ನೋಡಿಕೊಂಡರು, ಏನೂ ಅನ್ನಲಿಲ್ಲ.
ಆದರೆ ದೊಡ್ಡದನ್ನು ಮಡಚಲಾಗಲಿಲ್ಲ ಕೂಡಲೇ.
ಇನ್ನೊಂದು ಆಟೋ ಬಂತು, ಹಾರ್ನು ಹೊಡೆಯಿತು,
ಸ್ವಲ್ಪ ಕಾದು,
ಸುತ್ತು ಹಾಕಿಕೊಂಡು ಹೋಯಿತು.